ಮುರಕಲ್ಲಿನ ಗೋಡೆಗೆ ನಾಲ್ಕು ಸಾಲು ಅಂಕಿ

ಕಟ್ಟಡಗಳ ನಕ್ಷೆ ಬಿಡಿಸುವ ಆಟೋಕ್ಯಾಡ್ ಸಾಫ್ಟ್‌ವೇರ್ ಜೊತೆಗೆ ಬರುವ ಹ್ಯಾಚ್, ಅಂದರೆ ಗೋಡೆ, ಚಾವಣಿಯಂಥ ಭಾಗಗಳನ್ನು ಗೆರೆಗಳಿಂದ ತುಂಬುವ ಪ್ಯಾಟರ್ನ್‌ಗಳ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಇಟ್ಟಿಗೆ ಇದೆ, ಕಾಂಕ್ರೀಟ್ ಇದೆ, ಜಲ್ಲಿ ಇದೆ. ಅಮೆರಿಕದ ಮನೆಗಳಿಗೆ ಹೊದಿಸುವ ಮರದ ಚಕ್ಕೆಯ ಚಾವಣಿಗೂ ಒಂದು ಪ್ಯಾಟರ್ನ್ ಇದೆ. ಮಂಗಳೂರು ಹಂಚಿಗೆ ಇಲ್ಲ. ನಮ್ಮ ಕರಾವಳಿಯ ಮುರಕಲ್ಲಿಗೂ (ಲ್ಯಾಟರೈಟ್) ಇಲ್ಲ. ಹಾಗಾಗಿ ಉಡುಪಿಯಲ್ಲೋ ಕುಂದಾಪುರದಲ್ಲೋ ಮನೆಯ ಎಲಿವೇಷನ್ (ಹೊರಗಿನಿಂದ ಕಾಣುವ ನೇರ ನೋಟ) ಬಿಡಿಸುವವರು ಕಾಂಕ್ರೀಟ್ ಬ್ಲಾಕಿನ ಪ್ಯಾಟರ್ನನ್ನೇ ಹಾಕಿ, ಪಕ್ಕದಲ್ಲಿ ಲ್ಯಾಟರೈಟ್ ಎಂದು ಬರೆದುಬಿಡಬಹುದು. ಕೆಲಸವೇನೋ ನಡೆಯುತ್ತದೆ. ಆದರೆ ನಮ್ಮ ಕಲ್ಲು ನಮ್ಮ ಡ್ರಾಯಿಂಗಿನಲ್ಲಿ ಅದರ ರೂಪದಲ್ಲೇ ಕಾಣಬೇಕು ಅಂತ ನನಗೆ ಅನಿಸುತ್ತದೆ. ಅದಕ್ಕೆ ಬೇಕಾಗುವುದು ನೋಟ್‌ಪ್ಯಾಡ್ ಮತ್ತು ಸ್ವಲ್ಪ ಹೈಸ್ಕೂಲ್ ಗಣಿತ, ಅಷ್ಟೇ.

ಗೆರೆ ಎಳೆದು ವಸ್ತುವನ್ನು ಗುರುತಿಸುವ ರೂಢಿ ಕಂಪ್ಯೂಟರಿಗಿಂತ ಬಹಳ ಹಳೆಯದು. ಯುರೋಪಿನಲ್ಲಿ ಮನೆತನಗಳ ಲಾಂಛನಗಳನ್ನು ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕುವಾಗ ಬಣ್ಣ ತೋರಿಸುವುದು ಹೇಗೆ ಎಂಬ ತೊಂದರೆ ಇತ್ತು. 1638ರಲ್ಲಿ ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಎಂಬ ಜೆಸ್ಯೂಟ್ ಪಾದ್ರಿ ಪ್ರಕಟಿಸಿದ ಪದ್ಧತಿ ಎಲ್ಲೆಡೆ ನಿಂತಿತು. ನೆಟ್ಟಗಿನ ಗೆರೆ ಎಂದರೆ ಕೆಂಪು, ಅಡ್ಡ ಗೆರೆ ಎಂದರೆ ನೀಲಿ, ಚುಕ್ಕೆ ಎಂದರೆ ಚಿನ್ನ. ಎಂಜಿನಿಯರಿಂಗ್ ಡ್ರಾಯಿಂಗ್ ಕೂಡ ಇದೇ ದಾರಿ ಹಿಡಿಯಿತು. ವಸ್ತುವನ್ನು ಕತ್ತರಿಸಿ ಒಳಗನ್ನು ತೋರಿಸುವ ಸೆಕ್ಷನ್‌ನಲ್ಲಿ ತೆಳು ಗೆರೆಗಳನ್ನು 45 ಡಿಗ್ರಿ ವಾಲಿಸಿ ಎಳೆಯುತ್ತಾರೆ. ಪಕ್ಕದ ಭಾಗ ಬೇರೆಯದಾದರೆ ವಾಲುವ ದಿಕ್ಕು ಬದಲಾಗುತ್ತದೆ. ಡ್ರಾಯಿಂಗ್ ಬೋರ್ಡಿನ ಕಾಲದಲ್ಲಿ ಇದನ್ನೆಲ್ಲ ಸೆಟ್‌ಸ್ಕ್ವೇರ್ ಸರಿಸುತ್ತಾ ಒಂದೊಂದಾಗಿ ಎಳೆಯಬೇಕಿತ್ತು.

ಈಗ ಆ ಕೆಲಸ ಪ್ಯಾಟ್ ಫೈಲಿನದು. ಇದು ಸಾದಾ ಅಕ್ಷರಗಳ ಫೈಲು. ಆಟೋಕ್ಯಾಡ್‌ನಲ್ಲಿ ಇಂಥವು ಎರಡು ಬರುತ್ತವೆ. ಅಕ್ಯಾಡ್.ಪ್ಯಾಟ್ ಇಂಚಿನ ಡ್ರಾಯಿಂಗಿಗೆ, ಅಕ್ಯಾಡ್‌ಐಎಸ್‌ಒ.ಪ್ಯಾಟ್ ಮಿಲಿಮೀಟರಿಗೆ. ತೆರೆದು ನೋಡಿದರೆ ಒಳಗೆ ಚಿತ್ರ ಎಲ್ಲೂ ಇಲ್ಲ, ಬರೀ ಅಂಕಿ. ಎಲ್ಲರೂ ಬಳಸುವ ಆನ್ಸಿ31 ಪ್ಯಾಟರ್ನ್ ಪೂರ್ತಿ ಇಷ್ಟೇ:

45, 0,0, 0,.125

ಮೊದಲ ಅಂಕಿ ಗೆರೆಯ ಕೋನ. ಆಮೇಲಿನ ಎರಡು, ಮೊದಲ ಗೆರೆ ಎಲ್ಲಿಂದ ಹೊರಡಬೇಕು ಎಂಬುದು. ಕೊನೆಯ ಎರಡರಲ್ಲಿ ಇಡೀ ವಿದ್ಯೆ ಇದೆ. ಮುಂದಿನ ಗೆರೆ ತನ್ನ ಉದ್ದಕ್ಕೂ ಎಷ್ಟು ಸರಿಯಬೇಕು, ಪಕ್ಕಕ್ಕೆ ಎಷ್ಟು ದೂರ ಇರಬೇಕು ಎಂದು ಅವು ಹೇಳುತ್ತವೆ. ಇಲ್ಲಿ ಸರಿಯುವುದು ಸೊನ್ನೆ, ದೂರ ಒಂದು ಇಂಚಿನ ಎಂಟನೇ ಒಂದು ಭಾಗ. ಮಿಲಿಮೀಟರ್ ಫೈಲಿನಲ್ಲಿ ಇದೇ ದೂರ 3.175 ಆಗಿದೆ, ಅಂದರೆ 25.4 ಪಟ್ಟು. ಇಂಚಿನ ಪ್ಯಾಟರ್ನನ್ನು ಮಿಲಿಮೀಟರ್ ಡ್ರಾಯಿಂಗಿಗೆ ಹಾಕಿದಾಗ ಗೆರೆಗಳೆಲ್ಲ ಸೇರಿ ಕಪ್ಪು ಮುದ್ದೆಯಾಗುವುದು ಇದೇ 25.4ರಿಂದ.

ಗೆರೆ ತುಂಡು ತುಂಡಾಗಿ ಬೇಕಾದರೆ ಸಾಲಿನ ಕೊನೆಗೆ ಇನ್ನಷ್ಟು ಅಂಕಿ ಸೇರಿಸುತ್ತೇವೆ. ಪ್ಲಸ್ ಇದ್ದರೆ ಗೆರೆ, ಮೈನಸ್ ಇದ್ದರೆ ಖಾಲಿ ಜಾಗ, ಸೊನ್ನೆ ಇದ್ದರೆ ಚುಕ್ಕೆ. ಒಂದು ಸಾಲಿಗೆ ಇಂಥವು ಆರು ಮಾತ್ರ.

ಈಗ ಮುರಕಲ್ಲಿನ ಗೋಡೆ ಕಟ್ಟೋಣ. ಗಾರೆ ಸೇರಿ ಕಲ್ಲಿನ ಉದ್ದ 400 ಮಿ.ಮೀ., ಎತ್ತರ 200 ಎಂದಿಟ್ಟುಕೊಳ್ಳಿ. ಮೊದಲು ವರಸೆಗಳ, ಅಂದರೆ ಒಂದರ ಮೇಲೊಂದು ಬರುವ ಕಲ್ಲಿನ ಸಾಲುಗಳ ನಡುವಿನ ಅಡ್ಡ ಗೆರೆ:

0, 0,0, 0,200

ಆಮೇಲೆ ಕಲ್ಲು ಕಲ್ಲಿನ ನಡುವಿನ ನೆಟ್ಟಗಿನ ಸಂದು:

90, 0,0, 200,200, 200,-200

ಈ ಎರಡನೇ ಸಾಲನ್ನು ನಿಧಾನವಾಗಿ ಓದಿ. ನೆಟ್ಟಗಿನ ಗೆರೆ 200 ಎಳೆದು 200 ಬಿಡುತ್ತದೆ, ಅಂದರೆ ಒಂದು ವರಸೆ ಬಿಟ್ಟು ಒಂದರಲ್ಲಿ ಸಂದು. ಮುಂದಿನ ಗೆರೆ ಪಕ್ಕಕ್ಕೆ 200 ಹೋಗುವಾಗ ಮೇಲಕ್ಕೂ 200 ಸರಿಯುತ್ತದೆ. ಹಾಗಾಗಿ ಮೇಲಿನ ವರಸೆಯ ಸಂದು ಕೆಳಗಿನ ಕಲ್ಲಿನ ಸರಿ ನಡುವೆ ಬಂದು ಕೂರುತ್ತದೆ. ಮೇಸ್ತ್ರಿ ಸಂದಿನ ಮೇಲೆ ಸಂದು ಬಾರದ ಹಾಗೆ ಕಲ್ಲು ಇಡುತ್ತಾರಲ್ಲ, ಆ ಇಡೀ ನಿಯಮ ಒಂದೇ ಒಂದು ‘200’ರಲ್ಲಿ ಅಡಗಿದೆ. ನನಗೆ ಪ್ಯಾಟ್ ಫೈಲುಗಳ ಮೇಲೆ ಪ್ರೀತಿ ಹುಟ್ಟಿಸುವ ಜಾಗ ಇದು.

ಆದರೆ ಇಷ್ಟಕ್ಕೇ ನಿಂತರೆ ಅದು ಮುರಕಲ್ಲಾಗುವುದಿಲ್ಲ. 8 ಇಂಚು ಎತ್ತರ, 16 ಇಂಚು ಉದ್ದದ ಬ್ಲಾಕಿಗೆ ಆಟೋಕ್ಯಾಡ್‌ನಲ್ಲಿರುವ ಪ್ಯಾಟರ್ನ್ ಕೂಡ ಇವೇ ಎರಡು ಸಾಲು. ಅಲ್ಲಿ 200ರ ಬದಲು 8 ಇದೆ, ಅಷ್ಟೇ. ಮುರಕಲ್ಲಿನ ಗುರುತು ಅದರ ಮೈಮೇಲಿನ ರಂಧ್ರಗಳು. ಮಳೆನೀರು ಲಕ್ಷಾಂತರ ವರ್ಷ ಇಳಿದಿಳಿದು ಸುಲಭವಾಗಿ ಕರಗುವುದನ್ನೆಲ್ಲ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್‌ಗಳನ್ನು ಉಳಿಸಿದ ಕಲ್ಲು ಅದು. ಆ ರಂಧ್ರಗಳನ್ನು ತೋರಿಸಲು ಚಿಕ್ಕ ಚಿಕ್ಕ ಓರೆ ಗೀರುಗಳು ಬೇಕು. ಗಣಿತ ನಿಜವಾಗಿ ಶುರುವಾಗುವುದು ಇಲ್ಲಿಂದ.

ನಮ್ಮ ಗೋಡೆ 400 x 400ರ ಚೌಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓರೆ ಗೀರೂ ಪ್ರತಿ ಚೌಕದಲ್ಲಿ ಅದೇ ಜಾಗಕ್ಕೆ ಬೀಳಬೇಕು. ಇಲ್ಲದಿದ್ದರೆ ಒಂದು ಕಲ್ಲಿನಲ್ಲಿ ಮಧ್ಯೆ ಇದ್ದದ್ದು ಇನ್ನೊಂದರಲ್ಲಿ ಗಾರೆಯ ಮೇಲೆ ಹೋಗುತ್ತದೆ. ಮನಸ್ಸಿಗೆ ಬಂದ ಕೋನ ಇಟ್ಟರೆ ಇದು ಆಗುವುದಿಲ್ಲ. 30 ಡಿಗ್ರಿ ಇಟ್ಟು ನೋಡಿ. ಅದರ ಇಳಿಜಾರು ಒಂದನ್ನು ಮೂರರ ವರ್ಗಮೂಲದಿಂದ ಭಾಗಿಸಿದಷ್ಟು. ಆ ಗೆರೆ ಎಷ್ಟು ದೂರ ಹೋದರೂ ಚೌಕದ ಮೂಲೆಯಿಂದ ಹೊರಟು ಇನ್ನೊಂದು ಮೂಲೆಗೆ ಸರಿಯಾಗಿ ಮುಟ್ಟುವುದೇ ಇಲ್ಲ. ಮುಟ್ಟಬೇಕಾದರೆ ಇಳಿಜಾರು ಪೂರ್ಣ ಸಂಖ್ಯೆಗಳ ಭಿನ್ನರಾಶಿ ಆಗಿರಬೇಕು.

ಸ್ಕೂಲಿನ 3-4-5 ತ್ರಿಕೋನ ನೆನಪಿದೆ ಅಲ್ವಾ? ನಾಲ್ಕು ಚೌಕ ಬಲಕ್ಕೆ, ಮೂರು ಚೌಕ ಮೇಲಕ್ಕೆ ಹೋಗುವ ಗೆರೆ ತೆಗೆದುಕೊಳ್ಳಿ. ಕೋನ 36.8699 ಡಿಗ್ರಿ. ಗೆರೆ ಐದು ಚೌಕದಷ್ಟು ಉದ್ದ ಸಾಗಿದ ಮೇಲೆ ಮೂಲೆಗೆ ಮುಟ್ಟುತ್ತದೆ. ಹಾಗಾಗಿ ಗೀರು ಮತ್ತು ಖಾಲಿ ಜಾಗ ಸೇರಿ 5 x 400, ಅಂದರೆ 2000 ಆಗಬೇಕು. ಪಕ್ಕದ ಗೆರೆಯ ದೂರ ಚೌಕದ ಐದನೇ ಒಂದು ಭಾಗ, 80. ಸರಿಯುವುದು ಎಷ್ಟು? ಪಕ್ಕದ ಗೆರೆಯ ಮೇಲಿರುವ ಮೂಲೆ, ಒಂದು ಚೌಕ ಬಲಕ್ಕೆ ಮತ್ತು ಒಂದು ಚೌಕ ಮೇಲಕ್ಕೆ ಇದೆ. ಅದನ್ನು ಗೆರೆಯ ದಿಕ್ಕಿನಲ್ಲಿ ಅಳೆದರೆ 4 ಮತ್ತು 3 ಕೂಡಿಸಿ 5ರಿಂದ ಭಾಗಿಸಿದಷ್ಟು, 1.4 ಚೌಕ. ಅಂದರೆ 560. ಒಂದೊಂದು ವರಸೆಗೆ ಒಂದೊಂದು ಸಾಲು:

36.8699, 90,60, 560,80, 12,-1988
36.8699, 310,270, 560,80, 12,-1988

ಪ್ರತಿ ಕಲ್ಲಿಗೂ 12 ಮಿ.ಮೀ. ಗೀರು ಒಂದು ಬಿತ್ತು. ಹೊರಡುವ ಜಾಗ ಬದಲಿಸಿ ಇಂಥ ಇನ್ನೂ ಎಂಟು ಹತ್ತು ಸಾಲು ಸೇರಿಸಿದರೆ ಮುರಕಲ್ಲು ಮುರಕಲ್ಲಿನ ಹಾಗೇ ಕಾಣತೊಡಗುತ್ತದೆ.

ಕೋನಕ್ಕೆ ಎಷ್ಟು ದಶಾಂಶ ಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಸುಮ್ನೆ 36.9 ಎಂದು ಬರೆದರೆ ನೂರು ಚೌಕ ದಾಟುವಷ್ಟರಲ್ಲಿ ಗೀರು 2 ಸೆಂ.ಮೀ. ಜರುಗಿರುತ್ತದೆ. ನಾಲ್ಕು ದಶಾಂಶ ಇದ್ದರೆ ಮನೆಯ ಮಟ್ಟಿಗೆ ಏನೂ ತೊಂದರೆ ಇಲ್ಲ. ಆದರೆ ಸರ್ವೆಯವರು ಕೊಟ್ಟ ಯುಟಿಎಂ (ಭೂಮಿಯ ಮೇಲಿನ ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಪದ್ಧತಿ) ನಕ್ಷೆಯ ಮೇಲೆಯೇ ಡ್ರಾಯಿಂಗ್ ಮಾಡಿದರೆ ಕಥೆ ಬೇರೆ. ಹ್ಯಾಚ್ ಗೆರೆಗಳ ಲೆಕ್ಕ ಶುರುವಾಗುವುದು ಡ್ರಾಯಿಂಗಿನ ಸೊನ್ನೆ-ಸೊನ್ನೆ ಬಿಂದುವಿನಿಂದ. ಯುಟಿಎಂನಲ್ಲಿ ಬೆಂಗಳೂರು ಉತ್ತರಕ್ಕೆ ಸುಮಾರು 14 ಲಕ್ಷ ಮೀಟರ್, ಪೂರ್ವಕ್ಕೆ ಸುಮಾರು 7.8 ಲಕ್ಷ ಮೀಟರ್ ಎಂದು ಬರುತ್ತದೆ. ಅಷ್ಟು ದೂರದಲ್ಲಿ 36.8699ರ ಚಿಕ್ಕ ತಪ್ಪೂ ಬೆಳೆದು 6-7 ಸೆಂ.ಮೀ. ಆಗುತ್ತದೆ. ರಂಧ್ರ ಕಲ್ಲು ಬಿಟ್ಟು ಗಾರೆಯ ಮೇಲೆ ಹೋಗಲು ಅಷ್ಟು ಸಾಕು. 36.86989765 ಎಂದು ಬರೆದರೆ ಜರುಗುವುದು ಮಿಲಿಮೀಟರಿಗೂ ಕಡಿಮೆ. ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ: ಎಚ್‌ಪಿಒರಿಜಿನ್ ಎಂಬ ಸೆಟ್ಟಿಂಗ್ ಬದಲಿಸಿ, ಹ್ಯಾಚ್‌ನ ಮೂಲಬಿಂದುವನ್ನು ಗೋಡೆಯ ಮೂಲೆಗೇ ತಂದಿಡುವುದು. ಹಾಗೆ ಮಾಡಿದರೆ ಮೊದಲ ಕಲ್ಲು ಕೂಡ ಅರ್ಧ ತುಂಡಾಗದೆ ಮೂಲೆಯಿಂದ ಪೂರ್ತಿ ಶುರುವಾಗುತ್ತದೆ.

ಫೈಲನ್ನು ಜಾಗಕ್ಕೆ ಸೇರಿಸುವುದು ಇದಕ್ಕಿಂತ ಸುಲಭ. ಮೊದಲ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಪ್ಯಾಟರ್ನ್ ಹೆಸರು ಬರೆಯಿರಿ. ಇಂಗ್ಲಿಷ್ ಅಕ್ಷರ, ನಡುವೆ ಜಾಗ ಬೇಡ. ಫೈಲಿನ ಹೆಸರೂ ಅಕ್ಷರಶಃ ಅದೇ ಇರಬೇಕು, ಒಂದು ಫೈಲಿಗೆ ಒಂದೇ ಪ್ಯಾಟರ್ನ್. ಕೊನೆಯ ಸಾಲಿನ ನಂತರ ಎಂಟರ್ ಒತ್ತುವುದನ್ನು ಮರೆತರೆ ಆ ಸಾಲು ಓದಲು ಸಿಗದೆ ಪ್ಯಾಟರ್ನ್ ಕೆಡುತ್ತದೆ. ವಿಂಡೋಸ್ ಕೆಲವೊಮ್ಮೆ ಹೆಸರಿನ ಬಾಲಕ್ಕೆ ಗೊತ್ತಾಗದ ಹಾಗೆ ಟಿಎಕ್ಸ್‌ಟಿ ಸೇರಿಸಿರುತ್ತದೆ, ಅದನ್ನೂ ನೋಡಿಕೊಳ್ಳಿ. ಫೈಲನ್ನು ನಿಮ್ಮದೇ ಒಂದು ಫೋಲ್ಡರಿನಲ್ಲಿಟ್ಟು, ಆಪ್ಷನ್ಸ್ ಒಳಗಿನ ಫೈಲ್ಸ್ ಟ್ಯಾಬಿನಲ್ಲಿ ಸಪೋರ್ಟ್ ಫೈಲ್ ಸರ್ಚ್ ಪಾತ್‌ಗೆ ಆ ಫೋಲ್ಡರ್ ಸೇರಿಸಿ. ಹ್ಯಾಚ್ ಪಟ್ಟಿಯ ಕಸ್ಟಮ್ ವಿಭಾಗದಲ್ಲಿ ಮುರಕಲ್ಲು ಕಾಣುತ್ತದೆ. ಆಟೋಕ್ಯಾಡ್‌ನ ಮೂಲ ಫೈಲಿಗೇ ಸಾಲುಗಳನ್ನು ತುರುಕಬೇಡಿ. ಮರು ಇನ್‌ಸ್ಟಾಲ್ ಮಾಡಿದ ದಿನ ಎಲ್ಲ ಹೋಗುತ್ತದೆ. ಇದೇ ಪ್ಯಾಟ್ ಫೈಲನ್ನು ಉಚಿತವಾಗಿ ಸಿಗುವ ಫ್ರೀಕ್ಯಾಡ್ ಸಾಫ್ಟ್‌ವೇರಿನ ಟೆಕ್‌ಡ್ರಾ ವಿಭಾಗ ಕೂಡ ಓದುತ್ತದೆ. ಇನ್ನೊಂದು ಉಚಿತ ಸಾಫ್ಟ್‌ವೇರ್ ಲಿಬ್ರೆಕ್ಯಾಡ್ ಓದುವುದಿಲ್ಲ, ಅದಕ್ಕೆ ಪ್ಯಾಟರ್ನ್ ಡಿಎಕ್ಸ್‌ಎಫ್ ಎಂಬ ಡ್ರಾಯಿಂಗ್ ಫೈಲಿನ ರೂಪದಲ್ಲಿ ಬೇಕು.

ಹ್ಯಾಚ್ ಹಾಕಿದರೂ ಏನೂ ಕಾಣದಿದ್ದರೆ ಸ್ಕೇಲ್ ನೋಡಿ. ಮೀಟರ್ ಲೆಕ್ಕದ ಡ್ರಾಯಿಂಗಿನಲ್ಲಿ ನಮ್ಮ 400, 400 ಮೀಟರ್ ಆಗಿಬಿಡುತ್ತದೆ. ಇಡೀ ಮನೆಯೇ ಒಂದು ಕಲ್ಲಿನೊಳಗೆ ಸೇರಿಹೋಗಿರುತ್ತದೆ! ಸ್ಕೇಲ್ 0.001 ಮಾಡಿದರೆ ಸರಿ.

ಈ ಅಂಕಿಗಳಿಗೂ ಒಂದು ಮಿತಿ ಇದೆ. ಪ್ಯಾಟ್ ಫೈಲಿಗೆ ನೇರ ಗೆರೆ ಮಾತ್ರ ಗೊತ್ತು, ವಕ್ರ ಗೊತ್ತಿಲ್ಲ. ನಿಜವಾದ ಅಡ್ಡಾದಿಡ್ಡಿಯೂ ಗೊತ್ತಿಲ್ಲ. ಸೈಜುಗಲ್ಲಿನ ಗೋಡೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಾಡುಗಲ್ಲಿನ ಕಟ್ಟೋಣಕ್ಕೆ ಹತ್ತಾರು ಸಾಲು ಬರೆದರೂ, ಚೌಕವನ್ನು ಸಾಕಷ್ಟು ದೊಡ್ಡದು ಮಾಡದಿದ್ದರೆ ಒಂದೇ ಕಲ್ಲು ಮತ್ತೆ ಮತ್ತೆ ಕಣ್ಣಿಗೆ ಹೊಡೆಯುತ್ತದೆ. ಮಂಗಳೂರು ಹಂಚಿನ ದುಂಡು ಅಂಚನ್ನು ಚಿಕ್ಕ ನೇರ ತುಂಡುಗಳಾಗಿ ಒಡೆಯಬೇಕು. ಪ್ರತಿ ತುಂಡಿಗೂ ಮೂಲೆ ಮುಟ್ಟುವ ಕೋನವನ್ನೇ ಹುಡುಕಬೇಕು. 3-4-5 ಆದ ಮೇಲೆ 7-24-25ನ್ನು ಕೈಗೆತ್ತಿಕೊಳ್ಳಿ, ಅಲ್ಲೂ ಅಂಕಿಗಳು ಅಚ್ಚುಕಟ್ಟಾಗಿ ಬರುತ್ತವೆ.