ಮೊದಲು ಟೈರು, ಆಮೇಲೆ ಲಿಫ್ಟ್: ಆಫ್‌ರೋಡ್ ವಾಹನದ ಎತ್ತರವನ್ನು ನಿರ್ಧರಿಸುವ ಕ್ರಮ

ಆಫ್‌ರೋಡ್ ವಾಹನವನ್ನು ಎಷ್ಟು ಇಂಚು ಎತ್ತರಿಸಬೇಕು ಎಂಬ ಪ್ರಶ್ನೆಯಿಂದಲೇ ಆರಂಭಿಸಿದರೆ ಲೆಕ್ಕ ಹಾದಿ ತಪ್ಪುತ್ತದೆ. ವಾಹನ ಓಡುವ ನೆಲ ಎಂಥದ್ದು, ಆ ನೆಲಕ್ಕೆ ಎಷ್ಟು ದೊಡ್ಡ ಟೈರು ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಆ ಟೈರು ಎಲ್ಲಿಯೂ ಉಜ್ಜದೆ ತಿರುಗಲು ಬೇಕಾದಷ್ಟು ಎತ್ತರವನ್ನು ಮಾತ್ರ ಕೊಡುವುದು ಸರಿಯಾದ ಕ್ರಮ. ಇದಕ್ಕೆ ಕಾರಣ ತಿಳಿಯಬೇಕಾದರೆ ಟೈರು ಯಾವ ಭಾಗವನ್ನು ಎತ್ತುತ್ತದೆ, ಲಿಫ್ಟ್ (ಸ್ಪ್ರಿಂಗಿನ ಜಾಗದಲ್ಲಿ ವಾಹನವನ್ನು ಎತ್ತರಿಸುವ ಜೋಡಣೆ) ಯಾವ ಭಾಗವನ್ನು ಎತ್ತುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಟೈರಿನ ಪಕ್ಕದಲ್ಲಿ 245/75 ಆರ್ 16 ಎಂದಿದ್ದರೆ ಅದರ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 16 ಇಂಚು. ಗೋಡೆಯ ಎತ್ತರ 183.75 ಮಿ.ಮೀ. ಆಯಿತು, ಮೇಲೊಂದು ಕೆಳಗೊಂದು ಸೇರಿ 367.5 ಮಿ.ಮೀ.; ಅದಕ್ಕೆ ರಿಮ್ಮಿನ 406.4 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 774 ಮಿ.ಮೀ., ಅಂದರೆ ಮೂವತ್ತೂವರೆ ಇಂಚು. ಇದೇ ಲೆಕ್ಕದಲ್ಲಿ 285/75 ಆರ್ 16 ಟೈರಿನ ವ್ಯಾಸ ಸುಮಾರು 834 ಮಿ.ಮೀ. ಬರುತ್ತದೆ. ವ್ಯತ್ಯಾಸ 60 ಮಿ.ಮೀ. ಇದ್ದರೂ ಆಕ್ಸಲ್ (ಚಕ್ರಗಳ ಅಚ್ಚು) ಮೇಲೇರುವುದು ಅದರ ಅರ್ಧ, 30 ಮಿ.ಮೀ. ಮಾತ್ರ, ಏಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ.

ಆ 30 ಮಿ.ಮೀ.ಗೆ ಬೇರೆ ಬದಲಿಯಿಲ್ಲ. ಎರಡು ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್ ಇರುವ ವಾಹನದಲ್ಲಿ ನೆಲಕ್ಕೆ ಅತಿ ಹತ್ತಿರವಿರುವ ಭಾಗವೆಂದರೆ ಸಾಮಾನ್ಯವಾಗಿ ಡಿಫರೆನ್ಷಿಯಲ್ ಗುಂಡು, ಅಂದರೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳಿರುವ ಆಕ್ಸಲಿನ ಉಬ್ಬು. ಸ್ಪ್ರಿಂಗಿನ ಮೇಲೆ ಎಷ್ಟೇ ಲಿಫ್ಟ್ ಕೂರಿಸಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ. ಲಿಫ್ಟ್ ಎತ್ತುವುದು ಚಾಸಿಸ್, ಬಾಡಿ ಮತ್ತು ಬಂಪರ್‌ಗಳನ್ನು. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗದಂತೆ ದಾಟುವುದಕ್ಕೆ ಇದು ನಿಜಕ್ಕೂ ನೆರವಾಗುತ್ತದೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರ) 2,600 ಮಿ.ಮೀ., ಹೊಟ್ಟೆಯ ಕೆಳಗಿನ ತೆರಪು 220 ಮಿ.ಮೀ. ಎಂದಿಟ್ಟುಕೊಂಡು ತ್ರಿಕೋನಮಿತಿಯ ಸರಳ ಲೆಕ್ಕ ಮಾಡಿದರೆ ದಿಬ್ಬ ದಾಟುವ ಕೋನ ಅಂದಾಜು 19 ಡಿಗ್ರಿ. ಮೇಲಿನ ಟೈರು ಬದಲಾವಣೆಯೊಂದರಿಂದಲೇ ಅದು ಸುಮಾರು 22 ಆಗುತ್ತದೆ, ಜೊತೆಗೆ 50 ಮಿ.ಮೀ. ಲಿಫ್ಟ್ ಸೇರಿದರೆ 26 ಆಗುತ್ತದೆ. ಚಕ್ರ ಒಂದೇ ಬಿಂದುವಿನಲ್ಲಿ ನೆಲ ಮುಟ್ಟುತ್ತದೆ ಎಂದು ಈ ಲೆಕ್ಕ ಭಾವಿಸುವುದರಿಂದ ನಿಜವಾದ ಕೋನ ಇದಕ್ಕಿಂತ ತುಸು ಹೆಚ್ಚಿರುತ್ತದೆ. ಹೋಲಿಕೆಗೆ ಇಷ್ಟು ಸಾಕು.

ಕಲಿಯುವವರು ನಿಧಾನವಾಗಿ ಯೋಚಿಸಬೇಕಾದ ಜಾಗ ಮುಂದಿನದು. ಎರಡು ಇಂಚು ಲಿಫ್ಟ್ ಮಾಡಿದರೆ ಮಡ್‌ಗಾರ್ಡ್ ಒಳಗೆ ಟೈರಿಗೆ ಎರಡು ಇಂಚು ಹೆಚ್ಚು ಜಾಗ ಸಿಕ್ಕಿತು ಎಂದು ತೋರುತ್ತದೆ, ಮತ್ತು ವಾಹನ ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಅದು ನಿಜವೂ ಹೌದು. ಆದರೆ ಒಂದು ಚಕ್ರ ಬಂಡೆಯ ಮೇಲೇರಿ ಸ್ಪ್ರಿಂಗ್ ಪೂರ್ತಿ ಅಮುಕಿದಾಗ ಚಕ್ರ ಎಲ್ಲಿಯವರೆಗೆ ಮೇಲೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಲಿಫ್ಟ್ ಅಲ್ಲ, ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆ. ಅದು ಹಳೆಯ ಜಾಗದಲ್ಲೇ ಇದ್ದರೆ ಆಕ್ಸಲ್ ಹಳೆಯ ಎತ್ತರದವರೆಗೂ ಏರುತ್ತದೆ, ದೊಡ್ಡ ಟೈರು ಮಡ್‌ಗಾರ್ಡಿಗೆ ಬಡಿಯುತ್ತದೆ. ಆದ್ದರಿಂದ ಟೈರಿಗೆ ಜಾಗ ಮಾಡಲು ಇರುವ ದಾರಿಗಳು ಮೂರೇ: ಬಂಪ್ ಸ್ಟಾಪನ್ನು ಉದ್ದ ಮಾಡಿ ಚಕ್ರದ ಮೇಲ್ಚಲನೆಯನ್ನು ಕಡಿಮೆ ಮಾಡುವುದು, ಮಡ್‌ಗಾರ್ಡನ್ನು ಕತ್ತರಿಸುವುದು, ಇಲ್ಲವೇ ಚಾಸಿಸ್ ಮತ್ತು ಬಾಡಿಯ ನಡುವೆ ತುಂಡುಗಳನ್ನಿಟ್ಟು ಬಾಡಿಯನ್ನಷ್ಟೇ ಎತ್ತುವುದು. ಮೊದಲನೆಯದರಲ್ಲಿ ಸಸ್ಪೆನ್ಷನ್‌ನ ಮೇಲ್ಚಲನೆಯನ್ನೇ ಬಿಟ್ಟುಕೊಡಬೇಕಾಗುವುದರಿಂದ, ಸಾಧ್ಯವಿದ್ದಲ್ಲಿ ಎತ್ತರ ಕಡಿಮೆಯಿಟ್ಟು ಮಡ್‌ಗಾರ್ಡ್ ಕತ್ತರಿಸುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ರಿಮ್ಮಿನ ಆಫ್‌ಸೆಟ್ಟನ್ನೂ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆಯನ್ನೂ) ಇಲ್ಲಿಯೇ ಗಮನಿಸಬೇಕು: ಚಕ್ರ ಹೊರಗೆ ಸರಿದಷ್ಟೂ ಒಳಗಿನ ಸಸ್ಪೆನ್ಷನ್ ಆರ್ಮ್‌ಗೆ ಉಜ್ಜುವುದು ತಪ್ಪುತ್ತದೆ, ಆದರೆ ಸ್ಟೀರಿಂಗ್ ತಿರುಗಿಸಿದಾಗ ಟೈರು ಹೆಚ್ಚು ಅಗಲವಾದ ಕಮಾನಿನಲ್ಲಿ ಚಲಿಸಿ ಬಂಪರಿನ ಮೂಲೆಗೆ ತಾಗಬಹುದು.

ಎತ್ತರ ಹೆಚ್ಚಿದಂತೆ ಕೋನಗಳು ಕೆಡುತ್ತವೆ. ಗಟ್ಟಿ ಆಕ್ಸಲ್ ಇರುವಲ್ಲಿ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರವಾಗುವ ಗುಣ ಕುಂದುತ್ತದೆ, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಸ್‌ಗೆ ಜೋಡಿಸುವ ಅಡ್ಡ ಸರಳು) ಇದ್ದರೆ ಅದು ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ, ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳು ಕಡಿದಾದ ಕೋನದಲ್ಲಿ ತಿರುಗಿ ಅದುರುತ್ತವೆ. ಮುಂದಿನ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್‌ನಲ್ಲಿದ್ದರೆ ಸಿ.ವಿ. ಜಾಯಿಂಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಬಾಗುವ ಕೀಲು) ಮತ್ತು ಬಾಲ್ ಜಾಯಿಂಟುಗಳ (ಆರ್ಮ್ ಮತ್ತು ಚಕ್ರದ ನಡುವಿನ ಗುಂಡು ಕೀಲು) ಮೇಲೆ ಒತ್ತಡ ಬೀಳುವುದರಿಂದ ಬೇರೆ ಭಾಗಗಳನ್ನು ಬದಲಿಸದೆ ಸುಮಾರು ಎರಡು ಇಂಚಿಗಿಂತ ಮೇಲೆ ಹೋಗುವುದು ಸಾಮಾನ್ಯವಾಗಿ ತರವಲ್ಲ. ಬ್ರೇಕ್ ಹೋಸುಗಳು ಚಕ್ರ ಪೂರ್ತಿ ಇಳಿಬಿದ್ದಾಗಲೂ ಬಿಗಿಯಾಗದಷ್ಟು ಉದ್ದ ಇರಲೇಬೇಕು.

ಟೈರಿನ ವ್ಯಾಸ ಶೇ. 7.75 ಹೆಚ್ಚಿದರೆ ಗೇರಿಂಗ್ ಅಷ್ಟೇ ಪ್ರಮಾಣದಲ್ಲಿ ಎತ್ತರವಾಗುತ್ತದೆ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ವಾಹನ ಹೆಚ್ಚು ದೂರ ಸಾಗಿ ಎಳೆತ ಕುಂದುತ್ತದೆ. 4.10 ಅನುಪಾತದ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗುವ) ಆಕ್ಸಲ್ ಮೊದಲಿನ ಎಳೆತವನ್ನು ಮತ್ತೆ ಕೊಡಬೇಕಾದರೆ ಅನುಪಾತ 4.42ರ ಆಸುಪಾಸಿನಲ್ಲಿರಬೇಕು. ಸ್ಪೀಡೋಮೀಟರ್ 80 ಎಂದು ತೋರಿಸುವಾಗ ನಿಜವಾದ ವೇಗ 86 ಇರುತ್ತದೆ. ಓಡೋಮೀಟರ್ ಕೂಡ ದೂರವನ್ನು ಕಡಿಮೆ ಎಣಿಸುವುದರಿಂದ, ಅದನ್ನು ಸರಿಪಡಿಸದೆ ಅಳೆದ ಮೈಲೇಜು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಬ್ರೇಕಿನದು ಇನ್ನೂ ಗಂಭೀರ ವಿಷಯ: ಪೆಡಲಿನ ಅದೇ ಒತ್ತಡಕ್ಕೆ ನೆಲದಲ್ಲಿ ಸಿಗುವ ತಡೆಯುವ ಬಲ ಕಡಿಮೆಯಾಗುತ್ತದೆ, ತಿರುಗುವ ತೂಕವೂ ಹೆಚ್ಚುತ್ತದೆ.

ಕೊನೆಯದಾಗಿ ಮಗುಚುವ ಅಪಾಯ. ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಸ್ಥಿರತೆಯ ಅಂಕ ಸಿಗುತ್ತದೆ. ಅಂತರ 1,500 ಮಿ.ಮೀ., ಎತ್ತರ 700 ಮಿ.ಮೀ. ಇದ್ದರೆ ಅದು 1.07. ಮೇಲಿನ ಟೈರು ಮತ್ತು ಲಿಫ್ಟ್ ಸೇರಿ ಗುರುತ್ವ ಕೇಂದ್ರ 70 ಮಿ.ಮೀ. ಏರಿತು ಎಂದುಕೊಂಡರೆ ಅಂಕ 0.97ಕ್ಕೆ ಇಳಿಯುತ್ತದೆ, ಪಕ್ಕಕ್ಕೆ ವಾಲಿ ಮಗುಚುವ ಕೋನ 47 ಡಿಗ್ರಿಯಿಂದ 44ಕ್ಕೆ ಬರುತ್ತದೆ. ಸ್ಪ್ರಿಂಗು ಮತ್ತು ಟೈರುಗಳು ಬಾಗುವುದರಿಂದ ವಾಹನ ವಾಸ್ತವದಲ್ಲಿ ಇದಕ್ಕೂ ಮೊದಲೇ ಮಗುಚುತ್ತದೆ. ಮೇಲ್ಛಾವಣಿಯ ಕ್ಯಾರಿಯರಿನಲ್ಲಿ ಸಾಮಾನು ಹೇರಿದ್ದರೆ ಇನ್ನೂ ಬೇಗ.

ಟೈರು ಕೊಳ್ಳುವ ಮುನ್ನ ಲೋಡ್ ಇಂಡೆಕ್ಸ್ (ಟೈರು ಹೊರಬಲ್ಲ ಭಾರದ ಸೂಚಕ ಅಂಕಿ) ಮೂಲ ಟೈರಿಗಿಂತ ಕಡಿಮೆಯಿಲ್ಲವೆಂದು ನೋಡಿಕೊಳ್ಳಬೇಕು, ಸ್ಟೆಪ್ನಿಯೂ ಅದೇ ಅಳತೆಯದ್ದಿರಬೇಕು. ಸಾಧ್ಯವಾದರೆ ಒಂದೇ ಒಂದು ಟೈರನ್ನು ತಂದು, ವಾಹನವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ತೆಗೆದು, ಜ್ಯಾಕಿನಿಂದ ಚಕ್ರವನ್ನು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡುವುದು ಉತ್ತಮ. ಎಲ್ಲಿ ಎಷ್ಟು ಮಿ.ಮೀ. ಉಜ್ಜುತ್ತದೆ ಎಂಬುದು ಆಗ ಅಳತೆಗೆ ಸಿಗುತ್ತದೆ, ಲಿಫ್ಟನ್ನು ಆ ಅಳತೆ ಕೈಯಲ್ಲಿದ್ದಾಗಲೇ ಆರಿಸಬೇಕು.