ಯಿಡ್ಡಿಷ್ ಮನೆ, ಪ್ರಾಟೆಸ್ಟಂಟ್ ಶಾಲೆ

ಮಾಂಟ್ರಿಯಲ್‌ನಲ್ಲಿ ನೆಲೆಸಲು ಬಂದ ಕನ್ನಡದ ಅಪ್ಪ-ಅಮ್ಮಂದಿರು ಮಕ್ಕಳ ಅಡ್ಮಿಷನ್ ವಿಚಾರಕ್ಕೆ ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಇದನ್ನೇ: "ಮೇಡಂ, ಫ್ರೆಂಚ್ ಶಾಲೆಗೇ ಯಾಕೆ ಹಾಕಬೇಕು?" ತಾವು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದಾಗ ಅವರಿಗೆ ಬೇಜಾರಾಗುತ್ತದೆ. ಮಾಂಟ್ರಿಯಲ್ ಇರುವ ಕೆನಡಾದ ಕ್ವಿಬೆಕ್ ಪ್ರಾಂತ್ಯದ 1977ರ ಭಾಷಾ ಕಾನೂನು ಹಾಗಿದೆ: ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಸರ್ಕಾರಿ ಶಾಲೆಗೇ ಹೋಗಬೇಕು. ಅದರ ಬೇರು ತಿಳಿಯಬೇಕಾದರೆ ಇಲ್ಲಿನ ಯಹೂದಿ ಮಕ್ಕಳು ಓದಿದ ದಾರಿ ನೋಡಬೇಕು.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕ್ವಿಬೆಕ್‌ನ ಸರ್ಕಾರಿ ಶಾಲೆಗಳನ್ನು ಹಂಚಿದ್ದು ಭಾಷೆ ನೋಡಿ ಅಲ್ಲ, ಧರ್ಮ ನೋಡಿ. ಕ್ರೈಸ್ತರ ಎರಡು ಪಂಗಡಗಳಿಗೆ ಬೇರೆ ಬೇರೆ ಶಾಲೆ: ಕ್ಯಾಥೊಲಿಕ್ ಶಾಲೆಗಳಲ್ಲಿ ಬಹುಪಾಲು ಫ್ರೆಂಚ್, ಪ್ರಾಟೆಸ್ಟಂಟ್ ಶಾಲೆಗಳಲ್ಲಿ ಇಂಗ್ಲಿಷ್. ಪೂರ್ವ ಯುರೋಪಿನಿಂದ ಬಂದು ಮನೆಯಲ್ಲಿ ಯಿಡ್ಡಿಷ್ (ಅಲ್ಲಿನ ಯಹೂದಿಗಳ ಭಾಷೆ) ಆಡುತ್ತಿದ್ದ ಯಹೂದಿ ಮಕ್ಕಳಿಗೆ ಎರಡರಲ್ಲೂ ಹಕ್ಕಿರಲಿಲ್ಲ. ಜೇಕಬ್ ಪಿನ್ಸ್ಲರ್ ಎಂಬ ಹುಡುಗ ಚೆನ್ನಾಗಿ ಓದಿ ಸ್ಕಾಲರ್‌ಶಿಪ್ ಗೆದ್ದ. ಅಪ್ಪನಿಗೆ ಸ್ವಂತ ಆಸ್ತಿ ಇಲ್ಲ, ಶಾಲೆಗೆ ತೆರಿಗೆ ಬರುವುದಿಲ್ಲ ಎಂದು ಪ್ರಾಟೆಸ್ಟಂಟ್ ಶಾಲಾ ಮಂಡಳಿ ಅದನ್ನು ಕೊಡಲಿಲ್ಲ. ಕೋರ್ಟ್ ಕೂಡ ಮಂಡಳಿಯ ಪರವಾಗಿ ನಿಂತಿತು. ಗಲಾಟೆಯಾಗಿ, 1903ರಲ್ಲಿ ಕಾನೂನು ಬಂತು: ಶಾಲೆಯ ಮಟ್ಟಿಗೆ ಯಹೂದಿಗಳೂ ಪ್ರಾಟೆಸ್ಟಂಟರೇ! ಯಿಡ್ಡಿಷ್ ಮಕ್ಕಳು ಇಂಗ್ಲಿಷ್‌ನವರಾಗಿದ್ದು ಹೀಗೆ. ಯಾರೂ ಅವರ ಇಷ್ಟ ಕೇಳಲಿಲ್ಲ.

ಒಳಗೆ ಸೇರಿದರೂ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. 1913ರಲ್ಲಿ ಅಬರ್ಡೀನ್ ಶಾಲೆಯ ಟೀಚರ್ ಒಬ್ಬರು, ಯಹೂದಿ ಮಕ್ಕಳು ಬಂದ ಮೇಲೆ ಶಾಲೆ ಗಲೀಜಾಯಿತು ಎಂಬ ಅರ್ಥದಲ್ಲಿ ಮಾತಾಡಿದರು. ನೂರಾರು ಮಕ್ಕಳು ತರಗತಿ ಬಿಟ್ಟು ಎದುರಿನ ಸೇಂಟ್ ಲೂಯಿ ಚೌಕಕ್ಕೆ ಬಂದು ಮುಷ್ಕರ ಹೂಡಿದರು. ಚಿಕ್ಕ ಮಕ್ಕಳು, ಅವರ ಧೈರ್ಯ ನೋಡಿ! ಸೇಂಟ್ ಅರ್ಬೇನ್ ಬೀದಿಯ ಬ್ಯಾರನ್ ಬಿಂಗ್ ಹೈಸ್ಕೂಲಿನಲ್ಲಂತೂ ಮುಂದೆ ಹೆಚ್ಚುಕಡಿಮೆ ಎಲ್ಲರೂ ಯಹೂದಿ ಮಕ್ಕಳೇ. ಮಂಡಳಿ ಮಾತ್ರ ಪ್ರಾಟೆಸ್ಟಂಟರದೇ.

1930ರಲ್ಲಿ ಪ್ರತ್ಯೇಕ ಯಹೂದಿ ಶಾಲಾ ಮಂಡಳಿಗೆ ಕಾನೂನಾಯಿತು. ಕ್ಯಾಥೊಲಿಕ್ ಬಿಷಪ್‌ಗಳು ವಿರೋಧಿಸಿದರು, ಮರುವರ್ಷವೇ ಅದು ಬಿದ್ದುಹೋಯಿತು. ಯಿಡ್ಡಿಷ್ ಉಳಿಸಿಕೊಳ್ಳಲು 1914ರಲ್ಲೇ ಜನ ಸ್ವಂತ ದುಡ್ಡಿನಲ್ಲಿ ಫೋಕ್ಸ್‌ಶೂಲೆ (ಜನರ ಶಾಲೆ) ಕಟ್ಟಿಕೊಂಡಿದ್ದರು.

ನನಗೆ ಜಾಸ್ತಿ ನೋವಾಗುವುದು ಮೊರಾಕೊದಿಂದ ಬಂದ ಯಹೂದಿಗಳನ್ನು ನೆನೆದಾಗ. ಅವರಲ್ಲಿ ಹೆಚ್ಚಿನವರ ಮಾತೇ ಫ್ರೆಂಚ್. ಆದರೂ ಕ್ಯಾಥೊಲಿಕರಲ್ಲ ಎಂಬ ಕಾರಣಕ್ಕೆ ಎಷ್ಟೋ ಮಕ್ಕಳು ಇಂಗ್ಲಿಷ್ ಶಾಲೆ ಸೇರಬೇಕಾಯಿತು. 1969ರಲ್ಲಿ ಫ್ರೆಂಚ್ ಮಾಧ್ಯಮದ ಮೈಮೊನಿಡ್ ಶಾಲೆ ಶುರುವಾದ ಮೇಲೆ ಅವರದೇ ಒಂದು ಜಾಗವಾಯಿತು. ವಲಸೆ ಬಂದವರು ಇಂಗ್ಲಿಷ್ ಕಡೆ ವಾಲುತ್ತಾರೆ ಎಂದು ಇಲ್ಲಿನ ಫ್ರೆಂಚ್ ಮಾತಾಡುವವರು ಆತಂಕಪಟ್ಟು 1977ರ ಕಾನೂನು ತಂದರು. ಆದರೆ ಈ ಮಕ್ಕಳನ್ನು ಆ ಕಡೆ ದೂಡಿದ್ದು ಇಲ್ಲಿನ ಶಾಲಾ ವ್ಯವಸ್ಥೆಯೇ ಅಲ್ವಾ? ಧರ್ಮದ ಮಂಡಳಿಗಳು ಹೋಗಿ ಭಾಷೆಯ ಮಂಡಳಿಗಳು ಬಂದಿದ್ದು 1998ರಲ್ಲಿ.