ಮಾಳಿಗೆ ಮೇಲಿನ ಕೆಂಪು ಧೂಳು ಮರುಭೂಮಿಯದಾ?

ಪ್ರಶ್ನೆ: ಬೇಸಿಗೆಯಲ್ಲಿ ಬೆಳಿಗ್ಗೆ ಗುಡಿಸಿದ ಮಾಳಿಗೆ ಸಂಜೆಯಷ್ಟೊತ್ತಿಗೆ ಮತ್ತೆ ಕೆಂಪಾಗಿರುತ್ತದೆ. ರಾಜಸ್ಥಾನ, ಅರಬ್ ದೇಶಗಳ ಮರುಭೂಮಿ ಧೂಳು ಇದು, ಸಮುದ್ರದ ಉಪ್ಪೂ ಸೇರಿದೆ ಅನ್ನುತ್ತಾರೆ. ನಿಜವೇ? (ಸಂಡೂರಿನ ಓದುಗರು)

ಉತ್ತರ: ಕಸಬರಿಗೆಗೆ ಸಿಗುವ ಧೂಳು ಬಹುಪಾಲು ನಿಮ್ಮ ತಾಲ್ಲೂಕಿನದ್ದೇ: ಗುಡ್ಡಗಳ ಕಬ್ಬಿಣದ ಅದಿರ ಪುಡಿ ಮತ್ತು ಮಸಾರಿ, ಅಂದರೆ ಕೆಂಪು ಮಣ್ಣು. ಮರುಭೂಮಿ ಧೂಳು, ಸಮುದ್ರದ ಉಪ್ಪು ಎರಡೂ ಬಳ್ಳಾರಿ ಸೀಮೆಯ ಗಾಳಿಗೆ ಬರಬಲ್ಲವು. ಆದರೆ ಅವು ಕಣ್ಣಿಗೆ ಕಾಣುವಷ್ಟು ದಪ್ಪ ಇರುವುದಿಲ್ಲ.

ಎಲ್ಲ ಇರುವುದು ಕಣದ ಗಾತ್ರದಲ್ಲಿ. 100 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಮರಳ ಕಣ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ. 10 ಮೈಕ್ರಾನಿನದು ಸೆಕೆಂಡಿಗೆ 8 ಮಿಲಿಮೀಟರ್. 1 ಮೈಕ್ರಾನಿನದಕ್ಕೆ, ನಿಂತ ಗಾಳಿಯಲ್ಲೂ, 8 ಮೀಟರ್ ಇಳಿಯಲು ಒಂದು ದಿನ ಬೇಕು. ಹಾಗಾಗಿ ಥಾರ್‌ನಲ್ಲಿ ಎದ್ದ ದಪ್ಪ ಕಣ ಅಲ್ಲೇ ಉದುರಿಹೋಗುತ್ತದೆ. ಸಾವಿರಾರು ಕಿಲೋಮೀಟರ್ ದಾಟುವುದು ಹೆಚ್ಚಾಗಿ ನುಣ್ಣನೆಯ ಪುಡಿ, ಅದೂ ಎಷ್ಟೋ ಸಲ ನಿಮ್ಮ ತಲೆ ಮೇಲೆ ಎತ್ತರದಲ್ಲೇ ಸಾಗಿಬಿಡುತ್ತದೆ. ಆಕಾಶ ಮಸುಕಾಗುತ್ತದೆ, ಮಾಳಿಗೆ ಕೆಂಪಾಗುವುದಿಲ್ಲ.

ಬಣ್ಣವೂ ಹೊಂದುವುದಿಲ್ಲ. ಮರುಭೂಮಿ ಧೂಳಿನಲ್ಲಿ ಹೆಚ್ಚಿರುವುದು ಕ್ವಾರ್ಟ್ಜ್, ಇಲೈಟ್‌ನಂಥ ಜೇಡಿ ಖನಿಜ, ಫೆಲ್ಡ್‌ಸ್ಪಾರ್, ಸುಣ್ಣದ ಅಂಶವಾದ ಕ್ಯಾಲ್ಸೈಟ್. ಕಬ್ಬಿಣದ ಆಕ್ಸೈಡು ನೂರಕ್ಕೆ ಕೆಲವೇ ಪಾಲು. ಸಂಡೂರಿನ ಒಳ್ಳೆ ಅದಿರಿನಲ್ಲಿ ಕಬ್ಬಿಣವೇ ಅರ್ಧಕ್ಕಿಂತ ಜಾಸ್ತಿ.

ಮನೆಯಲ್ಲೇ ನೋಡಬೇಕೆಂದರೆ ಅಗಲವಾದ ಸ್ಟೀಲ್ ತಟ್ಟೆಯನ್ನು ಕಟ್ಟೆ ಗೋಡೆಗಿಂತ ಎತ್ತರದಲ್ಲಿ ಒಂದು ದಿನ ಇಡಿ. ನೆಲದ ಮೇಲಿಟ್ಟರೆ ನಿಮ್ಮ ಮಾಳಿಗೆಯ ಹಳೇ ಧೂಳೇ ಮತ್ತೆ ಬಂದು ಬೀಳುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಧೂಳಿನ ಮೇಲೆ ಆಡಿಸಿ. ಅಂಟಿದ್ದು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಅಥವಾ ಸ್ಪಾಂಜ್ ಐರನ್ (ಅದಿರಿನಿಂದ ಕಾರ್ಖಾನೆಯಲ್ಲಿ ಮಾಡುವ ಕಬ್ಬಿಣ) ಚೂರು ಇರಬಹುದು. ಅಂಥ ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯವರಿಗೆ ಇದು ಹೊಸದಲ್ಲ. ಬಹಳ ಜನ ಎಡವುವುದು ಇಲ್ಲೇ: ಅಂಟದಿದ್ದರೆ ಅದಿರಲ್ಲ ಅಂದುಕೊಳ್ಳುತ್ತಾರೆ. ನಮ್ಮ ಗುಡ್ಡಗಳ ಅದಿರು ಮುಖ್ಯವಾಗಿ ಹೆಮಟೈಟ್, ಅದನ್ನು ಸಾಮಾನ್ಯ ಅಯಸ್ಕಾಂತ ಎಳೆಯುವುದಿಲ್ಲ. ಉಳಿದ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ಹೆಮಟೈಟ್ ನೀರಿನ ಐದು ಪಟ್ಟು ಭಾರ, ಕ್ವಾರ್ಟ್ಜ್ 2.65 ಪಟ್ಟು. ಒಂದೇ ಗಾತ್ರದ ಕಣಗಳಾದರೆ ಅದಿರು ಮೊದಲು ತಳ ಹಿಡಿಯುತ್ತದೆ. ಬಹಳ ಹೊತ್ತು ಕದಡಿಕೊಂಡೇ ಇರುವ ಕೆಂಪು ಬಣ್ಣ ಮಸಾರಿಯ ಜೇಡಿಮಣ್ಣಿನದ್ದೂ ಇರಬಹುದು, ನುಣ್ಣನೆಯ ಅದಿರ ಪುಡಿಯೂ ಇರಬಹುದು. ಅಷ್ಟನ್ನು ಲೋಟ ಹೇಳಲಾರದು.

ವಿನೆಗರ್ ಹಾಕಿದಾಗ ನೊರೆ ಬಂದರೆ ಮರುಭೂಮಿ ಧೂಳು ಎಂಬ ಮಾತೂ ಕೇಳಿಬರುತ್ತದೆ. ನಂಬಬೇಡಿ. ನಮ್ಮ ಎರೆ ಹೊಲಗಳಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆ, ಸಿಮೆಂಟ್ ಧೂಳೂ ನೊರೆಯುತ್ತದೆ.

ಇನ್ನು ಉಪ್ಪು. ಅಲೆಯ ನೊರೆಗುಳ್ಳೆ ಒಡೆದಾಗ ಸಿಡಿಯುವ ಹನಿ ಒಣಗಿ ಉಪ್ಪಿನ ಕಣವಾಗುತ್ತದೆ: ಸೋಡಿಯಂ ಕ್ಲೋರೈಡ್, ಜೊತೆಗೆ ಮೆಗ್ನೀಸಿಯಂ, ಸಲ್ಫೇಟ್. ಕಾರವಾರದಲ್ಲಿ ಕಬ್ಬಿಣದ ಕಿಟಕಿ ಬೇಗ ತುಕ್ಕು ಹಿಡಿಯುವುದಕ್ಕೆ ಇದೂ ಕಾರಣ. ಅಲ್ಲಿಂದ ಬಳ್ಳಾರಿಗೆ ನೇರ ದಾರಿಯಲ್ಲೇ ಸುಮಾರು 300 ಕಿಲೋಮೀಟರ್. ಮುಂಗಾರಿನ ಗಾಳಿ ಹೊತ್ತು ತರುವ ಉಪ್ಪಿನಲ್ಲಿ ಬಹಳಷ್ಟು ಘಟ್ಟದ ಮಳೆಯಲ್ಲೇ ತೊಳೆದುಹೋಗುತ್ತದೆ. ಉಳಿದದ್ದಕ್ಕೆ ಹೊಗೆಯಿಂದ ಹುಟ್ಟುವ ನೈಟ್ರಿಕ್ ಆಮ್ಲ ತಾಗಿ ಕ್ಲೋರಿನ್ ಕಳಚಿಕೊಂಡು ಸೋಡಿಯಂ ನೈಟ್ರೇಟ್ ಆಗುತ್ತದೆ.

ಧೂಳು ತೊಳೆದ ನೀರನ್ನು ಸೋಸಿ ಕಾಲೇಜು ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ಹಾಕಿಸಿದರೆ, ಕ್ಲೋರೈಡ್ ಇದ್ದಲ್ಲಿ ಬೆಳ್ಳಗೆ ಕದಡುತ್ತದೆ. ತೊಳೆಯಲು ಡಿಸ್ಟಿಲ್ಡ್ ವಾಟರೇ ಬೇಕು; ಬೋರ್ ನೀರಲ್ಲಿ ಕ್ಲೋರೈಡ್ ಮೊದಲೇ ಇರುತ್ತದೆ, ಬೆವರಿದ ಕೈಯಲ್ಲೂ ಇರುತ್ತದೆ. ಕದಡಿದರೂ ಸಮುದ್ರದ್ದೇ ಎನ್ನುವಂತಿಲ್ಲ: ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯ ನೀರಾವರಿ ಗದ್ದೆಗಳಲ್ಲಿ ಸವಳು ಹಿಡಿದ ನೆಲವಿದೆ, ಅದು ಒಣಗಿದಾಗಲೂ ಉಪ್ಪಿನ ಧೂಳೇಳುತ್ತದೆ. ಮೂಲ ಗೊತ್ತಾಗಲೇಬೇಕೆಂದರೆ ಕ್ಲೋರೈಡಿಗಿಂತ ಮೆಗ್ನೀಸಿಯಂ ಮತ್ತು ಸೋಡಿಯಂ ಎರಡನ್ನೂ ಅಳೆಸಿ. ಸಮುದ್ರದ ನೀರಿನಲ್ಲಿ ಸೋಡಿಯಂನ ತೂಕಕ್ಕೆ ಮೆಗ್ನೀಸಿಯಂ ಸುಮಾರು 0.12 ಪಾಲು, ಅದಕ್ಕಿಂತ ತೀರ ಆಚೀಚೆ ಬಂದರೆ ಮಣ್ಣಿನ ಪಾಲು ಸೇರಿದೆ.